ಹೋರಿಯ ಬಾಯಿಗೆ ಕಟ್ಟಿದ ಹಲ್ಲು

ಅಕ್ಕ ಹಲ್ಲು ಕಟ್ಟುವವಳು. ಡಾಕ್ಟರು ತೆಗೆದ ಬಾಯಿಯ ಅಚ್ಚು ಅವಳ ಮೇಜಿಗೆ ಬರುತ್ತದೆ. ಅವಳು ಅದಕ್ಕೆ ಗುಲಾಬಿ ಮೇಣದ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ ಡಬ್ಬಿಗೆ ಹಾಕುತ್ತಾಳೆ. ಆ ಡಬ್ಬಿಗಳನ್ನು ಸ್ಕೂಟರಿನಲ್ಲಿ ಹೊತ್ತು ಊರೆಲ್ಲ ತಿರುಗುವವನು ಅವಳ ತಮ್ಮ. ಲ್ಯಾಬಿನಲ್ಲಿ ಅವನಿಗೆ ಪಾರ್ಸಲ್ ಎಂದೇ ಹೆಸರು. ಏನು ಕೆಲಸ ಎಂದು ಯಾರಾದರೂ ಕೇಳಿದರೆ, 'ಜನರ ನಗು ನನ್ನ ಕೈಯಲ್ಲಿದೆ' ಎಂದು ಗಂಭೀರವಾಗಿ ಹೇಳುತ್ತಿದ್ದ. ಸಂಬಳ ಎಷ್ಟು ಎಂದು ಕೇಳಿದವರಿಗೆ ನಗು ತಾನಾಗಿಯೇ ಬರುತ್ತಿತ್ತು.

ಭಾನುವಾರ ಮಧ್ಯಾಹ್ನ ಲ್ಯಾಬಿನ ಹಿಂದಿನ ಕೋಣೆ ಬೇರೆಯೇ ಲೋಕ. ಪ್ಲಾಸ್ಟರ್ ಧೂಳು ಒರೆಸಿದ ಮೇಜಿನ ಸುತ್ತ ಅಕ್ಕನ ಗೆಳೆಯರು ಕೂತು ಕಥೆಯಾಟ ಆಡುತ್ತಿದ್ದರು. ಕಥೆ ನಡೆಸುವವಳು ಅಕ್ಕ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತಿತ್ತು. ಲಿಫ್ಟ್ ರಿಪೇರಿಯವನು ಯಾವತ್ತೂ ಕೊಡಲಿ ಹಿಡಿದ ದೈತ್ಯ. ಆಸ್ಪತ್ರೆಯ ನರ್ಸಮ್ಮ ಮಾಟಗಾತಿ. ಪಾರ್ಸಲ್ ಕಳ್ಳ. ವಾರವಾರವೂ ಸಿಕ್ಕಿಬೀಳುವ ಕಳ್ಳ.

ಪುರಾಣದ ಪ್ರಾಣಿಗಳನ್ನು ಅಕ್ಕ ಇದ್ದಹಾಗೆ ಎತ್ತಿಕೊಂಡು ಬರುತ್ತಿರಲಿಲ್ಲ. ಮೊದಲು ಅವುಗಳ ಬಾಯಿ ನೋಡುತ್ತಿದ್ದಳು. ಇದರ ಹಲ್ಲು ಎಂಥದು? ಹಾಗಾದರೆ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ? ಅವಳ ಡ್ರ್ಯಾಗನ್‌ಗೆ ಬೆಂಕಿ ಉಗುಳಿ ಉಗುಳಿ ಹಲ್ಲು ಸವೆದು, ತಣ್ಣೀರು ಸೋಕಿದರೆ ತಲೆತನಕ ಜುಮ್ಮೆನ್ನುತ್ತಿತ್ತು. ಲಿಫ್ಟಿನವನು ಮೂರು ವಾರ ಕೊಡಲಿ ಬೀಸಿ ಸೋತ ಮೇಲೆ ನರ್ಸಮ್ಮ ಒಂದು ಬಿಂದಿಗೆ ನೀರಿನಲ್ಲಿ ಅದನ್ನು ಓಡಿಸಿದ್ದಳು. ನೋಟದಿಂದಲೇ ಕೊಲ್ಲುವ ಸರ್ಪ ಅವಳ ಕಥೆಯಲ್ಲಿ ತನ್ನ ಮರಿಗಳ ಮುಖ ಒಮ್ಮೆಯೂ ನೋಡದೆ, ಕಣ್ಣುಮುಚ್ಚಿಕೊಂಡೇ ಅವನ್ನು ಸಾಕಿತ್ತು. ಅದನ್ನು ಕೇಳಿದ ದಿನ ಯಾರಿಗೂ ದಾಳ ಉರುಳಿಸುವ ಮನಸ್ಸಾಗಲಿಲ್ಲ.

ಇಂಥ ಪ್ರಾಣಿಗಳದೇ ಒಂದು ಪುಸ್ತಕ ಆಗಬೇಕು ಎಂಬುದು ಅಕ್ಕನ ಎಷ್ಟೋ ವರ್ಷದ ಆಸೆ. ಕೊನೆಗೆ ಆಟದ ಪುಸ್ತಕಗಳನ್ನು ಮಾಡುವ ಕಂಪನಿಯ ಸಂಪಾದಕರು ಒಂದು ಭಾನುವಾರ ಬಂದು ಕೂತು ಆಡಿ ನೋಡುತ್ತೇನೆಂದರು. ಮೆಚ್ಚಿದರೆ ಪುಸ್ತಕ. ಇಲ್ಲದಿದ್ದರೆ ಅಕ್ಕ ಇನ್ನೊಬ್ಬರ ಬಾಗಿಲು ತಟ್ಟುವವಳಲ್ಲ ಎಂಬುದು ತಮ್ಮನಿಗೆ ಗೊತ್ತಿತ್ತು.

ಆ ದಿನಕ್ಕೆ ಅವಳು ಆರಿಸಿದ್ದು ಗ್ರೀಕರ ಮಿನೊಟಾರ್: ಹೋರಿಯ ತಲೆ, ಮನುಷ್ಯನ ಮೈ, ಸುತ್ತುಬಳಸಿನ ಕತ್ತಲೆಯ ಮನೆಯಲ್ಲಿ ಕೂತು ನರಬಲಿ ತಿನ್ನುವನೆಂದು ಹೆಸರಾದವನು. ಪ್ಲಾಸ್ಟರಿನಲ್ಲಿ ತಲೆಯನ್ನೂ ಮಾಡಿದ್ದಳು, ಬಾಯಿ ತೆರೆದೇ ಇತ್ತು. ಕಥೆಯ ಗುಟ್ಟನ್ನು ಮಾತ್ರ ತಮ್ಮನಿಗೆ ಹೇಳಿರಲಿಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಬೆಳಿಗ್ಗೆ ಅಕ್ಕ ಕುರ್ಚಿ ಹೊಂದಿಸುತ್ತಿದ್ದಾಗ ಅವನು ತಲೆಯನ್ನು ಎತ್ತಿ ನೋಡಿದ. ಮೇಲಿನ ದವಡೆಯ ಮುಂಭಾಗ ಬೋಳು.  ಒಂದು ಹಲ್ಲು ಕಮ್ಮಿಯಿದ್ದರೂ ಡಬ್ಬಿ ವಾಪಸು ಬರುತ್ತದೆ, ಅಷ್ಟು ದೂರ ಮತ್ತೆ ಸ್ಕೂಟರ್ ಓಡಿಸುವ ಕರ್ಮ ಅವನದೇ. ಪಾಪ, ಅಕ್ಕನಿಗೆ ಮರೆತಿದೆ! ಬೇಡವೆಂದು ತೆಗೆದಿಟ್ಟಿದ್ದ ಹಲ್ಲುಗಳ ಡ್ರಾಯರಿನಿಂದ ಚೆನ್ನಾಗಿರುವುದನ್ನು ಆರಿಸಿ, ಮೇಣ ಕಾಯಿಸಿ, ಸಾಲಾಗಿ ಕೂರಿಸಿದ. ಜೀವಮಾನದಲ್ಲಿ ಅವನು ಕಟ್ಟಿದ ಮೊದಲ ಹಲ್ಲು. ಹೋರಿ ಮದುವೆಯ ಫೋಟೋಗೆ ನಿಂತಂತೆ ಹಲ್ಲುಕಿರಿಯಿತು. ತೃಪ್ತಿಯಿಂದ ಅದಕ್ಕೆ ಬಟ್ಟೆ ಮುಚ್ಚಿದ.

ಆಟ ಜೋರಾಗಿಯೇ ನಡೆಯಿತು. ಊರಿನ ಜನ ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾರೆ, ಹೋರಿಯನ್ನು ಕೊಂದು ಬನ್ನಿ ಎಂದು ಕಥೆಯ ರಾಜ ಅಪ್ಪಣೆ ಕೊಟ್ಟಿದ್ದ. ಸಂಪಾದಕರು ಕತ್ತಿಯ ವೀರರಾಗಿ ಎಲ್ಲರನ್ನೂ ಮುನ್ನಡೆಸಿ ಕತ್ತಲೆಯ ಮನೆಯ ನಡುವಿಗೆ ಬಂದರು. ಅಕ್ಕ ಬಟ್ಟೆ ಸರಿಸಿದಳು.

ಸರಿಸಿದವಳು ಹಾಗೇ ನಿಂತಳು. ಹಲ್ಲು ನೋಡಿದಳು. ತಮ್ಮನನ್ನು ನೋಡಿದಳು.  ಏನು ಕೆಡಿಸಿದೆನೋ ಅವನಿಗೆ ತಿಳಿಯಲಿಲ್ಲ, ಕೆಡಿಸಿದ್ದಂತೂ ಖಾತ್ರಿ.

"ಅಬ್ಬಾ, ಏನು ಹಲ್ಲು!" ಎಂದ ಲಿಫ್ಟಿನವನು. "ಇವನೇ ಎಲ್ಲರನ್ನೂ ತಿಂದಿರೋದು. ಹೊಡೀರಿ ಸಾರ್!"

ಸಂಪಾದಕರು ದಾಳ ಉರುಳಿಸಿದರು. ಎಲ್ಲಕ್ಕಿಂತ ದೊಡ್ಡ ಅಂಕಿಯೇ ಬಿತ್ತು. ಒಂದೇ ಏಟಿಗೆ ಹೋರಿಯ ಕಥೆ ಮುಗಿಯುತ್ತದೆ.

"ಹೊಡೀಬಹುದು," ಎಂದಳು ಅಕ್ಕ, ನಿಧಾನವಾಗಿ. "ಆದ್ರೆ ಕತ್ತಿ ಎತ್ತಿದಾಗ ದೀಪದ ಬೆಳಕು ಅವನ ಬಾಯಿಗೆ ಬೀಳುತ್ತೆ. ಹೋರಿಗಳಿಗೆ ಮೇಲೆ ಮುಂದಿನ ಹಲ್ಲೇ ಇರಲ್ಲ. ಹುಟ್ಟಿನಿಂದಲೇ ಇರಲ್ಲ, ಹುಲ್ಲು ತಿನ್ನೋ ಬಾಯಿ ಅದು. ಇವು ಮನುಷ್ಯರ ಹಲ್ಲು. ಸುತ್ತ ಒಸಡು ಬಾತಿದೆ. ಯಾರೋ ಕಟ್ಟಿಸಿದಾರೆ."

 ಪಾರ್ಸಲ್‌ಗೆ ಈಗ ಅರ್ಥವಾಯಿತು. ಆ ಬೋಳು ಒಸಡೇ ಕಥೆಯ ಗುಟ್ಟಾಗಿತ್ತು. ಅದನ್ನು ಅವನೇ ತನ್ನ ಕೈಯಾರೆ ಮುಚ್ಚಿದ್ದ. ಅಕ್ಕ ನಿಂತ ನಿಲುವಿನಲ್ಲೇ ಆ ಎಡವಟ್ಟನ್ನೂ ಕಥೆಯೊಳಗೆ ಹೊಲಿದುಬಿಟ್ಟಿದ್ದಳು.

"ಯಾರು ಕಟ್ಟಿಸಿದ್ದು?" ಎಂದರು ಸಂಪಾದಕರು.

"ಯೋಚನೆ ಮಾಡಿ. ಇವನನ್ನ ಕಂಡ್ರೆ ಜನ ಹೆದರಬೇಕು ಅಂತ ಯಾರಿಗೆ ಆಸೆ?"

"ರಾಜನಿಗೆ!" ನರ್ಸಮ್ಮ ಮೇಜು ಕುಟ್ಟಿದಳು. "ಕಾಣೆಯಾದವರನ್ನ ಮುಗಿಸಿರೋದು ಅವನೇ. ಹೆಸರು ಮಾತ್ರ ಇವನಿಗೆ!"

"ದಾಳ ಬಿದ್ದಾಗಿದೆ," ಲಿಫ್ಟಿನವನು ಗೋಗರೆದ. "ಇಂಥ ಏಟು ಸುಮ್ಮನೆ ಬಿಡ್ತಾರಾ ಯಾರಾದ್ರೂ?"

ಸಂಪಾದಕರು ಬಹಳ ಹೊತ್ತು ಹೋರಿಯನ್ನೇ ನೋಡಿದರು. ಆಮೇಲೆ ದಾಳವನ್ನು ಪಕ್ಕಕ್ಕೆ ತಳ್ಳಿದರು. "ಕತ್ತಿ ಕೆಳಗಿಡ್ತೀನಿ. ಹತ್ತಿರ ಹೋಗಿ, ಬಾಯಿ ತೆಗಿಯಪ್ಪಾ, ನೋವಾಗದ ಹಾಗೆ ಕೀಳ್ತೀನಿ ಅಂತೀನಿ."

ಅಕ್ಕ ಮೇಣದ ಚಾಕುವನ್ನು ಬಿಸಿಮಾಡಿ ಅವರ ಕೈಗಿತ್ತಳು. ಅವರು ನಾಲಿಗೆ ಕಚ್ಚಿಕೊಂಡು ಒಂದೊಂದೇ ಹಲ್ಲು ಬಿಡಿಸಿದರು. ಲಿಫ್ಟಿನವನೇ ತಲೆ ಅಲ್ಲಾಡದಂತೆ ಎರಡೂ ಕೊಂಬು ಹಿಡಿದು ಕೂತ.

"ಪುಸ್ತಕ ಮಾಡೋಣ," ಎಂದರು ಸಂಪಾದಕರು, ಕೊನೆಯ ಹಲ್ಲು ಕೆಳಗಿಡುತ್ತ. "ಇವನಿಂದಲೇ ಶುರು. ಈ ಹಲ್ಲಿನ ಯೋಚನೆ ಎಷ್ಟು ದಿನದ್ದು?"

"ಬೆಳಗ್ಗಿಂದು," ಎಂದಳು ಅಕ್ಕ. "ಮಹಾನುಭಾವರೊಬ್ಬರು ಹೇಳದೆ ಕೇಳದೆ ಸಹಾಯ ಮಾಡಿದ್ರು."

ಎಲ್ಲರೂ ಪಾರ್ಸಲ್ ಕಡೆ ತಿರುಗಿದರು. ಅವನು ಫ್ಯಾನನ್ನು ಅದೇ ಮೊದಲ ಸಲ ಕಂಡವನಂತೆ ಮೇಲೆ ನೋಡಿದ.

"ಹಾಗಾದ್ರೆ ಪುಸ್ತಕದ ಚಿತ್ರದಲ್ಲಿ ಬಾಯಿ ಬೋಳಾಗಿರ್ಲಿ ಅಲ್ವಾ?" ಎಂದರು ಸಂಪಾದಕರು.

ಅಕ್ಕ ಕಿತ್ತಿಟ್ಟ ಹಲ್ಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. 

"ಬೇಡ ಸಾರ್. ಹಲ್ಲು ಇರ್ಲಿ. ಆಡೋರೇ ಕೀಳ್ಲಿ."