ಬರಿಗೈ ಓಟ

ನನ್ನ ಹೆಂಡತಿಗೆ ನನ್ನ ಕೈಗಳ ಮೇಲೆ ನಂಬಿಕೆಯಿಲ್ಲ ಎಂಬ ಅನುಮಾನ ನನಗೆ ಮೊದಲು ಬಂದದ್ದು ಇರ್ವಿಂಗ್‌ನ ಒಂದು ಪಾರ್ಕಿನಲ್ಲಿ. ಡಾಲಸ್ ಕಡೆಯ ನಾವೊಂದಿಷ್ಟು ಕನ್ನಡಿಗರು ಶನಿವಾರ ಬೆಳಿಗ್ಗೆ ಅಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತೇವೆ. ಚೆಂಡನ್ನು ಮುಂದಿರುವವರಿಗೆ ಎಸೆಯಬೇಕು, ಇಲ್ಲವೇ ಕಂಕುಳಲ್ಲಿ ಅವುಚಿಕೊಂಡು ಓಡಬೇಕು. ಚೆಂಡಿನೊಂದಿಗೆ ಎದುರು ತುದಿಯ ಗೆರೆ ದಾಟಿದರೆ ಅಂಕ. ನಮ್ಮ ಮಂಡಿಗಳ ವಯಸ್ಸು ನೋಡಿ, ಕೆಡಹುವುದನ್ನು ಬಿಟ್ಟಿದ್ದೇವೆ. ಚೆಂಡು ಹಿಡಿದವರ ಸೊಂಟದ ಬಟ್ಟೆಪಟ್ಟಿ ಕಿತ್ತರೆ ಸಾಕು, ಓಟ ಮುಗಿಯಿತು.

ಎಸೆಯುವವಳು ನಾಯಕಿ ಸವಿತಾ, ಅಂದರೆ ನನ್ನ ಹೆಂಡತಿ. ಎಲ್ಲರಿಗೂ ಎಸೆಯುತ್ತಾಳೆ. ನನಗೆ ಮಾತ್ರ ಚೆಂಡನ್ನು ಕೈಗೇ ಕೊಟ್ಟು, "ರೀ, ನೀವು ಓಡಿ" ಎನ್ನುತ್ತಾಳೆ. ಮನೆಯಲ್ಲಿ ಗಾಜಿನ ಲೋಟವನ್ನೂ ನನಗೆ ಹೀಗೆಯೇ ಒಪ್ಪಿಸುತ್ತಾಳೆ ಎಂಬುದು ಆಗ ಹೊಳೆಯಿತು.

"ಎಸೆಯೋದು, ಓಡೋದು ಎರಡೂ ಸಮ ಇರ್ಬೇಕಲ್ವಾ?" ಎಂದೆ.

"ಸಮ ಅಂದ್ರೆ ಅರ್ಧ ಅರ್ಧ ಅಲ್ಲ ರೀ" ಎಂದು ಚೆಂಡನ್ನು ಬೇರೊಬ್ಬರಿಗೆ ಎಸೆದಳು. ನನ್ನ ಅನುಮಾನಕ್ಕೆ ಅದೇ ಗೊಬ್ಬರ.

ಹ್ಯೂಸ್ಟನ್ ಕನ್ನಡಿಗರೊಂದಿಗೆ ಪಂದ್ಯ ಆಸ್ಟಿನ್‌ನಲ್ಲಿ ಎಂದಾಯಿತು. ಎರಡೂ ಊರಿಂದ ಹೆಚ್ಚುಕಡಿಮೆ ಅಷ್ಟೇ ದೂರ, ಯಾರಿಗೂ ಡ್ರೈವ್ ಹೆಚ್ಚಾಗಬಾರದಲ್ಲ. ಅವರ ನಾಯಕ ಸವಿತಾಳ ಸ್ವಂತ ತಮ್ಮ, ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನ ಕಿರಣ. ಹಿಂದಿನ ಸಲ ನಮ್ಮನ್ನು ಸೋಲಿಸಿ, ವರ್ಷವಿಡೀ ಫೋನಿನಲ್ಲಿ ಅಕ್ಕನನ್ನು ರೇಗಿಸಿದ್ದ.

ಪಂದ್ಯದಲ್ಲೂ ನನ್ನದು ಬರೀ ಓಟ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪಟ್ಟಿ ಕಿತ್ತುಹೋಗುತ್ತಿತ್ತು. ಬರಬರುತ್ತಾ ಹ್ಯೂಸ್ಟನ್‌ನವರೆಲ್ಲ ನನ್ನ ಸುತ್ತಲೇ ಠಿಕಾಣಿ ಹೂಡಿದರು. ಎರಡೂ ಕಡೆ ಅಂಕ ಸಮ, ಕೊನೆಯ ಅವಕಾಶ. ಸವಿತಾ ಓಡಿ ಬಂದು ಚೆಂಡನ್ನು ನನ್ನ ಹೊಟ್ಟೆಗೆ ಒತ್ತಿದಳು. ತೋಳು ಅವುಚಿಕೊಂಡು, ತಲೆ ತಗ್ಗಿಸಿ ಓಡಿದೆ.

"ಭಾವಂಗೇ ಕೊಟ್ಳು, ಹಿಡೀರೋ!" ಎಂದು ಕಿರಣ ಕೂಗಿದ. ಇಡೀ ಹ್ಯೂಸ್ಟನ್ ನನ್ನ ಸೊಂಟಕ್ಕೆ ಬಿತ್ತು. ಬಗ್ಗಿ ನೋಡಿದರೆ ಕಂಕುಳು ಖಾಲಿ! ಕೊಟ್ಟಂತೆ ಮಾಡಿದ ಚೆಂಡನ್ನು ಸವಿತಾ ಆ ಕ್ಷಣವೇ ಹಿಂದಕ್ಕೆ ಎಳೆದುಕೊಂಡಿದ್ದಳು. ಅತ್ತ, ಯಾರೂ ಕಾಯದ ಮೂಲೆಯಲ್ಲಿ ನಮ್ಮ ತಂಡದ ಗಿರಿಜಾ ಆಂಟಿ ಸವಿತಾ ಎಸೆದ ಚೆಂಡನ್ನು ಹಿಡಿದು, ನಿಧಾನವಾಗಿ ನಡೆದೇ ಗೆರೆ ದಾಟುತ್ತಿದ್ದರು.

ಗೆದ್ದೆವು. ನನಗೆ ಮಾತ್ರ ಸಿಟ್ಟು.

"ನಂಗೆ ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಮ್ಮ ಮುಖ ನೋಡೇ ಕಿರಣಂಗೆ ಗೊತ್ತಾಗ್ಬಿಡ್ತಿತ್ತು. ಅಷ್ಟು ಚೆನ್ನಾಗಿ ಇನ್ಯಾರು ಓಡ್ತಿದ್ರು ರೀ?"

ಇದು ಹೊಗಳಿಕೆಯೋ ಅಲ್ಲವೋ, ಇನ್ನೂ ಅನುಮಾನವಿದೆ. ಬರೀ ಎಸೆದರೆ ಎದುರಾಳಿ ದೂರ ನಿಂತು ಕಾಯುತ್ತಾನೆ, ಬರೀ ಓಡಿದರೆ ಮೈಮೇಲೆ ಬೀಳುತ್ತಾನೆ. ಯಾವುದೆಂದು ಅವನಿಗೆ ತಿಳಿಯದಂತಿರುವುದೇ ಸಮತೋಲ. ಅಷ್ಟು ದಿನ ಎಲ್ಲವನ್ನೂ ಅನುಮಾನಿಸಿದ ನನಗೆ ಅನುಮಾನಿಸಬೇಕಾದ ಆ ಒಂದು ಗಳಿಗೆಯಲ್ಲಿ ಅನುಮಾನವೇ ಬರಲಿಲ್ಲ.

ಮೊನ್ನೆ ಭಾನುವಾರ ಸವಿತಾ, "ರೀ, ಹೀಗೇ ಸುಮ್ನೆ ಒಂದು ರೌಂಡ್ ಹೋಗಿ ಬರೋಣ" ಎಂದಳು. ಇದೂ ಅಂಥದ್ದೇ ಆಟ, ತಿಂಗಳಿಂದ ಅವಳು ಹೇಳುತ್ತಿದ್ದ, ಡಾಲಸ್ ಆಚೆಯ ಪ್ರಾಸ್ಪರ್‌ನ ಹೊಸ ಮನೆ ನೋಡಲೆಂದೇ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಮುಖದಲ್ಲಿ ತೋರಿಸಿಕೊಳ್ಳದೆ ಶೂ ಹಾಕಿಕೊಂಡೆ.