ಉಸಿರು ಕೂರುವ ತನಕ

ಬೆಳಗಿನ ಆರು ಗಂಟೆ. ದುದ್ದದ ಪಕ್ಕದ ಹಳ್ಳಿಯೊಂದರ ಕೆರೆ ಏರಿಯ ಮೇಲೆ ಸಣ್ಣಯ್ಯ ಹೊಟ್ಟೆಗೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ಕೆಳಗೆ ಗದ್ದೆಯವರು ಗುದ್ದಲಿ ಹಿಡಿದು ನೀರಿಗೆ ಕಾಯುತ್ತಿದ್ದಾರೆ.

"ಏನ್ಲಾ, ಇದೇನು ಮಾವನ್ ಮನೆ ಜಗ್ಲಿ ಅನ್ಕಂಡಿದ್ದೀಯ?" ಪಟೇಲ ದೊಡ್ಡಬೀರಯ್ಯ ಗದರುತ್ತಾರೆ.

"ನಾನ್ ಕೂತಿಲ್ಲ ಪಟೇಲ್ರೆ. ಉಸ್ರು ಕೂರ್ಲಿ ಅಂತ ಕಾಯ್ತಿವ್ನಿ."

ಸಣ್ಣಯ್ಯ ಈ ಕೆರೆಯ ನೀರುಗಂಟಿ. ಎರಡಾಳು ಆಳಕ್ಕೆ ಮುಳುಗಿ, ಗದ್ದೆಗೆ ನೀರು ಬಿಡುವ ತೂಬಿನ ಬೆಣೆ ಎಳೆಯಬೇಕು, ಸಂಜೆ ಮತ್ತೆ ಮುಳುಗಿ ಬಡಿದು ಮುಚ್ಚಬೇಕು. ದಿನಕ್ಕೆರಡು ಸಲ, ಇಪ್ಪತ್ತೆರಡು ವರ್ಷ! ಇವರಿಗಿಂತ ಮುಂಚೆ ಇವರಪ್ಪ ಮುಳುಗುತ್ತಿದ್ದರು. "ಒಂದಿನ ಮನೆಯಿಂದ ಓಡ್ಬಂದು, ಏದುಸ್ರಲ್ಲೇ ಮುಳುಗುದ್ರು. ಮ್ಯಾಕ್ ಬರ್ನಿಲ್ಲ," ಅನ್ನುತ್ತಾರೆ. ಅಂದಿನಿಂದ ಸಣ್ಣಯ್ಯ ಕೂರದೆ ಮುಳುಗಿಲ್ಲ.

ಮಹಾಯುದ್ಧ ಮುಗಿದರೂ ಅಕ್ಕಿಗೆ ರೇಷನ್ನು ತಪ್ಪಿಲ್ಲ. ಸಸಿಮಡಿ ಒಣಗೀತೆಂಬ ಆತಂಕದಲ್ಲಿ ಪಟೇಲರಿಗೆ ಈ ಕೂರೋದು ಸೋಮಾರಿತನವಾಗಿ ಕಾಣುತ್ತದೆ. ನಾಳೆಯಿಂದ ಬೇರೆ ಆಳು ಅಂತ ಹೇಳಿಯೂ ಆಗಿದೆ. ಸುದ್ದಿ ಕೇಳಿ ಮಂಡ್ಯದ ವಿಜ್ಞಾನದ ಮೇಷ್ಟ್ರು ವರದರಾಜ ಗಡಿಯಾರ ಹಿಡಿದು, ಪತ್ರಿಕೆಗೆ ಬರೆಯುವ ನನ್ನ ಜೊತೆ ಬಂದಿದ್ದಾರೆ.

ಏರಿಯ ಮೆಟ್ಟಿಲ ಬಳಿಯೇ ಪರೀಕ್ಷೆ. ಕೂತ ಸಣ್ಣಯ್ಯನವರ ಉಸಿರು ನಿಮಿಷಕ್ಕೆ ಹದಿಮೂರು. ನೀರಲ್ಲಿ ತಲೆ ಮುಳುಗಿಸಿದರೆ ಎಪ್ಪತ್ತೈದು ಸೆಕೆಂಡು ಏಳುವುದಿಲ್ಲ. ಆಮೇಲೆ ಏರಿಯ ತುದಿಯ ಬೇವಿನ ಮರದವರೆಗೆ ಓಡಿಸಿ ಕರೆತಂದರೆ ಉಸಿರು ಮೂವತ್ತೆಂಟು, ಮುಳುಗಿದ್ದು ಬರೀ ಇಪ್ಪತ್ತನಾಲ್ಕು ಸೆಕೆಂಡು!

"ಓಡಿದ ಮೈ ಆಮ್ಲಜನಕವನ್ನ ಬೇಗ ಬೇಗ ಖರ್ಚು ಮಾಡುತ್ತೆ. ಒಳಗೆ ಕೆಟ್ಟ ಗಾಳಿ ಬೇಗ ತುಂಬಿ, ಉಸಿರಾಡು ಅಂತ ಒದೆಯುತ್ತೆ," ಮೇಷ್ಟ್ರು ವಿವರಿಸುತ್ತಾರೆ.

"ಅವ್ನು ಬೇಕಂತ್ಲೆ ಎದ್ದವ್ನೆ ಬುಡಿ, ಸ್ವಾಮಿ," ಅನ್ನುತ್ತ ಪಟೇಲರು ಪಂಚೆ ಎತ್ತಿಕಟ್ಟಿ ತಾವೇ ಓಡುತ್ತಾರೆ. ಬಂದು ತಲೆ ಮುಳುಗಿಸುತ್ತಾರೆ. ಎಂಟನೆಯ ಸೆಕೆಂಡಿಗೆ ಕೆಮ್ಮುತ್ತ, ಮೀಸೆಯಲ್ಲಿ ನೀರು ಸುರಿಸುತ್ತ ಎದ್ದುಬಿಡುತ್ತಾರೆ.

"ಬೆಣೆ ಸಿಕ್ತಾ, ಪಟೇಲ್ರೆ?" ನೀರಿಗೆ ಕಾಯುತ್ತಿರುವ ಹೊಂಬಾಳಮ್ಮ ಕೆಳಗಿನ ಗದ್ದೆಯಿಂದ ಕೂಗುತ್ತಾರೆ. ಗದ್ದೆ ಪೂರಾ ನಗು. ಕೊನೆಗೆ ಪಟೇಲರಿಗೂ ನಗು.

"ಕೂತ್ಕಳ್ಲಾ ಸಣ್ಣಯ್ಯ," ದಮ್ಮು ಸಿಕ್ಕ ಮೇಲೆ ಅನ್ನುತ್ತಾರೆ. "ನೀನೇ ಇರು. ಬ್ಯಾರೆ ಆಳು ಬ್ಯಾಡ."

ಸಣ್ಣಯ್ಯ ಮತ್ತೆ ಕೂರುತ್ತಾರೆ. ಈ ಸಲ ಯಾರೂ ಅವಸರಿಸುವುದಿಲ್ಲ. ಆಮೇಲೆ ಮುಳುಗುತ್ತಾರೆ. ಸ್ವಲ್ಪ ಹೊತ್ತಿಗೆ ಕಾಲುವೆಯಲ್ಲಿ ನೀರು ಗುಳುಗುಳು ಅನ್ನುತ್ತದೆ.

ಮೇಲೆ ಬಂದ ಸಣ್ಣಯ್ಯನವರನ್ನು, ಮಂಡ್ಯದಿಂದ ಏನಾದರೂ ಬೇಕಾ ಅಂತ ಕೇಳುತ್ತೇನೆ. ಒದ್ದೆ ತಲೆ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

"ಏರಿ ಮ್ಯಾಲೆ ಒಂದು ಚಪ್ಪಡಿ ಕಲ್ಲು ಹಾಕ್ಸುದ್ರೆ ಸಾಕು, ಸ್ವಾಮಿ. ನಂಗಲ್ಲ, ಉಸ್ರು ಕೂರಾಕೆ."