ಹೊಳಿಗೆ ಹ್ವಾದ ಅವ್ವನ ಸೀರಿ

ಹೊಳಿ ನಡುವ ಒಂದು ಸೀರಿ ನೆಟ್ಟಗ ನಿಂತು ಹೊಂಟಿತ್ತು, ಉಟ್ಟಾಕಿ ಮಾತ್ರ ಇರಲಿಲ್ಲ. ಏನದು? ಈ ಒಗಟ ನಿಮಗ ಒಡಿಯೂದಿಲ್ಲ ಬಿಡ್ರಿ. ಅದು ನನ್ನ ಹಡಗ.

ಟ್ರ್ಯಾಕ್ಟರಿನ ಎರಡು ಟ್ಯೂಬಿಗೆ ಹಲಗಿ ಬಿಗಿದು, ನಡುವ ಬಿದಿರಿನ ಗಳ ನಿಲ್ಲಿಸಿ, ಅದಕ್ಕ ಅವ್ವನ ಹೊಸಾ ಬನಹಟ್ಟಿ ಸೀರಿ ಕಟ್ಟಿ ಅನಗವಾಡಿ ಹಿನ್ನೀರಿಗೆ ಒಬ್ಬನ ಇಳಿದಿದ್ದೆ. ಮರುದಿನ ಅಕ್ಕನ ನಿಶ್ಚಯಕ್ಕ ಉಡಾಕಂತ ಅವ್ವ ಎತ್ತಿಟ್ಟ ಸೀರಿ ಅದು. ಆಕಿ ನೋಡೂದ್ರೊಳಗ ಮಡಚಿ ಇಟ್ಟರಾತು ಅಂದ್ಕೊಂಡಿದ್ದೆ.

ದಂಡಿ ತುಂಬ ಮಂದಿ, ಎಮ್ಮಿ, ನೀರಾಗ ದೂರ ಚಾಚಿದ ಪಂಪಸೆಟ್ಟಿನ ಪೈಪು. ಗಾಳಿ ತಿರುಗಿ ಒಂದು ಟ್ಯೂಬು ಪೈಪಿಗೆ ಬಡಿದು ಟುಸ್ ಅಂತು. ಹಲಗಿ ವಾಲಿತು.

"ಮುಳಗಾಕತ್ತೇನ್ರೋ!" ಅಂತ ಚೀರಿದೆ.

ಅರಿವಿ ಒಗಿಯಾಕತ್ತಿದ್ದ ನಮ್ಮ ಓಣಿ ಕಾಶವ್ವ ಅತ್ತಿ ತಲಿ ಎತ್ತಿದ್ಲು. "ಅಯ್ಯ, ಆ ಸೀರಿ ನಿಮ್ಮವ್ವಂದಲ್ಲೇನೋ? ದಡಿ ಎಷ್ಟ ಛಲೋ ಐತಿ!"

"ಅತ್ತಿ, ನಾ ಸಾಯಾಕತ್ತೇನಿ!"

"ಸೀರಿ ಮ್ಯಾಲೆತ್ತಿ ಹಿಡಿಯೋ ಮಂಗ್ಯಾ, ಬಣ್ಣ ಬಿಟ್ಟೀತು!"

ಮುಳಗಾಂವ ನಾನು, ಚಿಂತಿ ಸೀರಿದು! ನ್ಯಾಯ ಐತೇನ್ರಿ ಇದು?

ಅಷ್ಟರಾಗ ಒಬ್ಬ ಮುದುಕ ಎಮ್ಮಿ ಮ್ಯಾಲೆ ಕುಂತು ಈಜಿಸಿಕೊಂಡು ಬಂದ. ಬದುಕಿದೆ ಅಂದ್ಕೊಂಡೆ. ಅಂವ ಸೀರಿ ಬಿಚ್ಚಿ ತನ್ನ ತಲಿಗೆ ಸುತ್ತಿಕೊಂಡು ಎಮ್ಮಿ ತಿರುಗಿಸಿದ.

"ಅಜ್ಜಾ, ನಾನು?"

"ಬಾಲಾ ಹಿಡಕೊಂಡು ಬಾ ಲೇ."

ದಂಡ್ಯಾಗ ಅವ್ವ ನಿಂತಿದ್ಲು. ಓಡಿ ಬಂದು ನನ್ನ ತಬ್ಬಿಕೊಂಡು, "ಸೀರಿ ಹಾಳಾಗಿ ಹೋಗಲಿ, ನೀ ಬಂದೆಲ್ಲೋ ನನ್ನಪ್ಪಾ" ಅಂತ ಅತ್ಲು.

ಈ ಕಡೀ ಮಾತು ನಾನ ಕಟ್ಟಿ ಹೇಳಿದ್ದು. ಖರೆ ಅಂದ್ರ ಆಕಿ ಮುದುಕನ ತಲಿಯಿಂದ ಬಿಚ್ಚಿ ತಬ್ಬಿಕೊಂಡದ್ದು ಸೀರಿನ. ನಾ ಇನ್ನೂ ಎಮ್ಮಿ ಬಾಲಾ ಹಿಡಕೊಂಡ ನಿಂತಿದ್ದೆ.